ಮರೆವ್ವನ ಜೋಳ ಮೊಳೆಯಲಿಲ್ಲ

ಒದ್ದೆ ಕಾಗದದ ಸುರುಳಿಯನ್ನು ಡಾ. ಪ್ರಜ್ಞಾ ಕಾಂಬಳೆ ಮೇಜಿನ ಮೇಲೆ ಬಿಚ್ಚಿದಳು. ಒಂದು ಕಾಳೂ ಮೊಳೆತಿರಲಿಲ್ಲ.

ಎರಡನೆಯ ಸುರುಳಿ ಬಿಚ್ಚಿದಳು. ಅದೇ ಕಥೆ. ಮೂರನೆಯದರಲ್ಲಿ ಕಾಳುಗಳು ಲೋಳೆಯಾಗಿ ಬೆರಳಿಗೆ ಅಂಟಿದವು.

ಝಳಕಿಯ ಹೆದ್ದಾರಿ ಪಕ್ಕದ ಆ ಸಣ್ಣ ಕಟ್ಟಡಕ್ಕೆ ಊರವರು ಬೀಜದ ಮನೆ ಎನ್ನುತ್ತಾರೆ. ನಾಡತಳಿಯ ಬೀಜಗಳನ್ನು ತಂಪಿನಲ್ಲಿ ಕಾಯ್ದಿಡುವ ಸರಕಾರಿ ಕೇಂದ್ರ ಅದು. ದೆಹಲಿಯಿಂದ ಬಂದ ತಪಾಸಣಾ ಸಮಿತಿ ಎದುರಿಗೇ ಕೂತಿತ್ತು. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು. ತಜ್ಞ ಸದಸ್ಯ ಡಾ. ಶ್ರೀಶೈಲ ಕೊಣ್ಣೂರ ತಲೆ ಅಲ್ಲಾಡಿಸಿದರು. ಅವರು ಮುದ್ದೇಬಿಹಾಳದ ಕಡೆಯವರು. ಈಗ ಅರ್ಧ ವರ್ಷ ವಿಮಾನದಲ್ಲೇ ಕಳೆಯುವವರು.

"ಫ್ರೀಜರ್ ಕೈ ಕೊಟ್ಟಿರಬೇಕು ಪ್ರಜ್ಞಾ. ಇಲ್ಲಿ ಕರೆಂಟಿನ ಹಣೇಬರಹ ನಿನಗ ಗೊತ್ತ ಐತಿ."

"ಫ್ರೀಜರ್ ಚಲೋ ಐತ್ರಿ ಸರ್."

"ಮತ್ತ ಕಾಳು ಯಾಕ ಸತ್ತಾವು?"

ಪ್ರಜ್ಞಾ ಸುರುಳಿಗಳನ್ನು ಮತ್ತೊಮ್ಮೆ ತಿರುವಿ ನೋಡಿದಳು.

ಈ ಪರೀಕ್ಷೆಯ ಬೇರು ಇದ್ದದ್ದು ಬಹಳ ದೂರದಲ್ಲಿ. ಒಣಬೇಸಾಯದ ಬೀಜಗಳಿಗಾಗಿ ಹಲವು ದೇಶಗಳು ಸೇರಿ ಒಂದು ಒಕ್ಕೂಟ ಕಟ್ಟಿಕೊಂಡಿವೆ. ಕಚೇರಿ ಯುರೋಪಿನಲ್ಲಿ. ಬೀಜದ ಮನೆಗಳಿಗೆ ದುಡ್ಡು ಕೊಡುವುದು ಅದು, ಹಾಗಾಗಿ ನಿಯಮ ಬರೆಯುವುದೂ ಅದೇ. ಬೀಜವನ್ನು ಜೀವಂತ ಇಡಬಲ್ಲ ಮನೆ ‘ಪಾಲಕ’. ಇಡಲಾಗದ ಮನೆ ‘ಸಂಗ್ರಹ ಕೇಂದ್ರ’. ಊರೂರು ತಿರುಗಿ ಬೀಜ ಕೂಡಿಸಿ ವಿದೇಶದ ಭಂಡಾರಕ್ಕೆ ಕಳಿಸುವುದಷ್ಟೇ ಅದರ ಕೆಲಸ. ಅಲ್ಲಿ ಬರೆದ ಸಾಲು ದೆಹಲಿಗೆ ಬಂದಾಗ ಸುತ್ತೋಲೆಯಾಯಿತು, ಝಳಕಿಗೆ ಬಂದಾಗ ತಪಾಸಣೆಯಾಯಿತು. ವಿಜ್ಞಾನಿಗಳು ಇನ್ನು ಮೇಲೆ ಪಾರ್ಸೆಲ್ ಕಟ್ಟುತ್ತಾರೆ ಎಂಬುದನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಪರೀಕ್ಷೆಗೆ ಸಮಿತಿ ಆರಿಸಿದ್ದು ಒಂದೇ ತಳಿ, ಮರೆವ್ವನ ಜೋಳ. ದೇವಣಗಾಂವದ ಒಂದೇ ಮನೆಯಲ್ಲಿ ಉಳಿದಿದ್ದ ಬಿಳಿಜೋಳ ಅದು. ಮಳೆ ಕೈಕೊಟ್ಟರೂ ಬರೀ ಇಬ್ಬನಿಯ ಮೇಲೆ ತೆನೆ ಕಟ್ಟುತ್ತದೆ ಎಂದು ಹೆಸರಾದದ್ದು. ಮುದುಕಿ ಮರೆವ್ವ ಬೇಸಿಗೆಯಲ್ಲಿ ದವಾಖಾನೆ ಸೇರುವಾಗ ಇದ್ದಬದ್ದ ಬೀಜವನ್ನೆಲ್ಲ ಪ್ರಜ್ಞಾಳ ಕೈಗೆ ಹಾಕಿದ್ದಳು. ಹಿಂಗಾರಿ ಬಿತ್ತನೆಗೆ ವಾಪಸ್ ಕೊಡುತ್ತೇನೆಂದು ಪ್ರಜ್ಞಾ ಮಾತು ಕೊಟ್ಟಿದ್ದಳು. ಆ ಕಾಳು ನಿಜವಾಗಿಯೂ ಸತ್ತಿದ್ದರೆ ಭೂಮಿಯ ಮೇಲೆ ಆ ತಳಿಯೇ ಇಲ್ಲ.

"ಮುಂದಿನ ವಾರ ಇಂಡಿಯಲ್ಲಿ ಸಭೆ" ಎಂದರು ಅಧ್ಯಕ್ಷರು. "ತೀರ್ಮಾನ ಅಲ್ಲಿ. ಅಸಲಿ ಬೀಜವನ್ನು ಯಾವುದಾದರೂ ಕಂಪನಿಗೆ ಮಾರಿಕೊಂಡಿದ್ದೀರೋ ಅನ್ನುವುದೂ ವಿಚಾರಣೆ ಆಗಬೇಕು."

*

ಈ ಸೀಮೆಯಲ್ಲಿ ಕಳವಾಗುವುದು ಪಂಪ್‌ಸೆಟ್ಟು, ಕೇಬಲ್ಲು, ಕುರಿ. ಪಿಎಸ್‌ಐ ಗುಲನಾಜ ಮುಲ್ಲಾ ಇಂಥ ದೂರನ್ನು ಈವರೆಗೆ ಕೇಳಿರಲಿಲ್ಲ.

"ಮೊಳಕಿ ಒಡೀಲಿಲ್ಲ ಅಂತ ಎಫ್‌ಐಆರ್ ಹಾಕ್ಲೇನ್ರಿ ಡಾಕ್ಟರ್?"

"ಕಾಳು ಸತ್ತಿಲ್ರಿ ಮೇಡಂ. ಬದಲಾಗ್ಯಾವು."

"ಹ್ಯಾಂಗ ಹೇಳ್ತೀರಿ?"

"ಅದ ಫ್ರೀಜರಿನ್ಯಾಗ, ಅದ ಹಲಗಿ ಮ್ಯಾಲೆ, ಆಜೂಬಾಜೂ ಇದ್ದ ಪಾಕೀಟಿನ ಕಾಳು ನಾನು ಮೊಳಕಿಗೆ ಹಾಕಿದೆ. ಎಲ್ಲಾ ಮೊಳೆತಾವು. ಕರೆಂಟ್ ಹೋಗಿ ಸತ್ತಿದ್ರ ಎಲ್ಲಾ ಸಾಯಬೇಕಲ್ರಿ. ನಡುವಿನದೊಂದ ಹ್ಯಾಂಗ ಸಾಯ್ತೈತಿ?"

ಗುಲನಾಜ ಚಹಾದ ಕಪ್ಪು ಕೆಳಗಿಟ್ಟಳು. ನಗು ಹೋಗಿತ್ತು.

"ಕೀಲಿ ಯಾರ ಕಡೆ ಇರ್ತೈತಿ?"

"ನನ್ನ ಕಡೆ ಒಂದು. ಸಹಾಯಕ ಶಂಕರೆಪ್ಪನ ಕಡೆ ಒಂದು."

"ಹಂಗಾದ್ರ ಮೊದಲ ಸಂಶಯ ನಿಮ್ಮ ಮ್ಯಾಲೇ ಬರ್ತೈತಿ."

"ಬಂದ ಬಿಟ್ಟೈತ್ರಿ. ಅದಕ್ಕ ಅವರಕಿಂತ ಮೊದಲ ನಾನ ಠಾಣಿಗೆ ಬಂದೀನಿ."

ಈ ಹೆಣ್ಣುಮಗಳು ಕಳ್ಳಿಯಲ್ಲ ಎಂದು ಗುಲನಾಜಳಿಗೆ ಆಗಲೇ ಅನಿಸಿತು. ಆದರೆ ಅನಿಸಿದ್ದನ್ನು ಕೋರ್ಟು ಕೇಳುವುದಿಲ್ಲ.

*

ಶಂಕರೆಪ್ಪ ಬೀಜದ ಮನೆಯ ಹಿಂದಿನ ತಗಡಿನ ಕೋಣೆಯಲ್ಲಿ ಹೆಂಡತಿಯೊಂದಿಗೆ ಇದ್ದ. ಪೊಲೀಸರನ್ನು ಕಂಡು ಅರ್ಧ ಪ್ರಾಣ ಹೋದವನಂತೆ ನಿಂತ.

"ಒಳಗ ಯಾರ್ಯಾರು ಬಂದಿದ್ರು?"

"ಹೊರಗಿನವ್ರು ಯಾರೂ ಇಲ್ರಿ. ಸಿಂದಗಿ ಜೈನುದ್ದೀನ ಸಾಹೇಬ್ರು ಬಂದಿದ್ರು, ಬೀಜದ ಅಂಗಡಿಯವ್ರು. ಮರೆವ್ವನ ಜ್ವಾಳ ಕೊಡ್ರಿ, ಕೇಳಿದಷ್ಟ ಕೊಡ್ತೇನಿ ಅಂದ್ರು. ಮೇಡಂ ಅವರನ್ನ ಬಾಗಲದಾಗಿಂದ ಹೊಳ್ಳಿ ಕಳಿಸಿದ್ರು."

"ಸಮಿತಿಯವ್ರು?"

"ಹೋದ ತಿಂಗಳ ಬಂದಿದ್ರು, ಮುಂಗಡ ತಪಾಸಣಿಗೆ. ಅಧ್ಯಕ್ಷರು, ಕೊಣ್ಣೂರ ಸಾಹೇಬ್ರು. ಪಾಕೀಟ ಎಲ್ಲಾ ತಗದು ನೋಡಿದ್ರು. ಮೇಡಂ ಬಿಜಾಪುರಕ್ಕ ಹೋಗಿದ್ರು ಅವತ್ತ."

"ನೀನು ಅಲ್ಲೇ ಇದ್ದ್ಯಾ?"

"ಇದ್ನಿರಿ. ನಡುವ ಚಹಾ ತರಾಕ ಕಳಿಸಿದ್ರು."

"ಯಾರು ಕಳಿಸಿದ್ರು?"

ಶಂಕರೆಪ್ಪ ತಲೆ ಕೆರೆದುಕೊಂಡ. ನೆನಪಾಗಲಿಲ್ಲ.

ಒಡೆಯದೆ ಉಳಿದಿದ್ದ ಮರೆವ್ವನ ಜೋಳದ ಪಾಕೀಟುಗಳನ್ನು ಗುಲನಾಜ ಫ್ರೀಜರಿನಿಂದ ಹೊರಗೆ ತೆಗೆಸಿದಳು. ಬೆಳ್ಳಿ ಬಣ್ಣದ, ಬಿಸಿಯಿಂದ ಅಂಟಿಸಿದ ಪಾಕೀಟುಗಳು. ಮೇಲೆ ಪ್ರಜ್ಞಾಳ ಅಕ್ಷರದಲ್ಲಿ ತೂಕ. ಒಂದನ್ನು ಕತ್ತರಿಸಿ ಮೂಸಿದಳು. ಬರೀ ತಣ್ಣಗಿತ್ತು. ಅದನ್ನು ಮಡಚಿ ಕೈಯಲ್ಲಿ ಹಿಡಿದು, ಉಳಿದವಕ್ಕೆ ಮೊಹರು ಹಾಕಿಸಿ ಜೀಪು ಹತ್ತಿದಳು.

"ಎಲ್ಲಿಗ್ರಿ ಮೇಡಂ?" ಎಂದ ಚಾಲಕ ಅನಿಲಕುಮಾರ.

"ಸಿಂದಗಿ. ಮೊದಲ ಆ ಜೈನುದ್ದೀನನ್ನ ನೋಡೂಣು."

*

ಶ್ರಾವಣದ ಬಿಸಿಲು ಮೋಡದ ಸಂದಿಯಿಂದ ಸುಡುತ್ತಿತ್ತು. ಪಾಕೀಟು ಜೀಪಿನ ಮುಂದಿನ ಗಾಜಿನ ಕೆಳಗೆ ದಾರಿಯುದ್ದಕ್ಕೂ ಕಾಯಿತು.

ಜೈನುದ್ದೀನ ಹೆದರುವ ಆಸಾಮಿಯಲ್ಲ. ಅಂಗಡಿಯ ಚೀಲಗಳನ್ನೆಲ್ಲ ತಾನೇ ಬಿಚ್ಚಿ ತೋರಿಸಿದ.

"ನಾನು ಆ ಬೀಜ ಕೇಳಿದ್ದು ಖರೆ ಐತ್ರಿ. ಮಾರಾಟದ ಮಾಲು ಕೇಳೂದು ಗುನ್ಹೆ ಏನಲ್ಲಲ್ಲ? ಸಿಕ್ಕಿದ್ರ ಇಷ್ಟೊತ್ತಿಗೆ ಊರ ತುಂಬ ಜಾಹೀರಾತು ಹಾಕ್ತಿದ್ದೆ. ಮುಚ್ಚಿಟ್ಟ ಬೀಜ ಯಾರು ಕೊಳ್ತಾರ್ರಿ?"

ಮಾತಿನಲ್ಲಿ ಅರ್ಥವಿತ್ತು. ಗುಲನಾಜ ಪಾಕೀಟು ಮುಂದಿಟ್ಟಳು. ಅವನು ಅದರ ಬಾಯಿ ಬಿಚ್ಚಿದವನೇ ಮುಖ ಹಿಂದಕ್ಕೆ ತೆಗೆದುಕೊಂಡ.

"ಯಾ ಅಲ್ಲಾ. ಇದನ್ನ ಯಾರು ಬೀಜ ಅಂದ್ರು?"

ಹುಳಿ ಹತ್ತಿದ, ಮುಗ್ಗಲು, ಮಣ್ಣಿನೊಳಗಿನ ವಾಸನೆ ಅಂಗಡಿಯಲ್ಲಿ ಹರಡಿತು. ಗುಲನಾಜ ಕಣ್ಣು ಮುಚ್ಚಿದಳು. ತಾಳಿಕೋಟೆಯ ತನ್ನ ಅಜ್ಜಿಯ ಓಣಿ, ಯಾರೋ ಸಾಹುಕಾರರ ಮನೆಯ ಅಂಗಳ, ಕಲ್ಲು ಸರಿಸಿ ಗಾಳಿಗೆ ಬಿಟ್ಟಿದ್ದ ಗುಂಡಿಯ ಬಾಯಿ ನೆನಪಾದವು. ಮಕ್ಕಳನ್ನು ಹತ್ತಿರ ಸೇರಿಸುತ್ತಿರಲಿಲ್ಲ.

"ಹಗೇವು" ಎಂದಳು.

ಹಗೇವು ಅಂದರೆ ನೆಲದೊಳಗಿನ ಕಣಜ. ಜೋಳ ತುಂಬಿ, ಬಾಯಿಗೆ ಕಲ್ಲಿಟ್ಟು ಮಣ್ಣು ಮೆತ್ತುತ್ತಾರೆ. ಒಳಗೆ ಗಾಳಿ ಇರುವುದಿಲ್ಲ. ಹುಳ ಸಾಯುತ್ತದೆ, ಕಾಳು ವರ್ಷಗಟ್ಟಲೆ ಉಳಿಯುತ್ತದೆ. ಆದರೆ ಉಳಿಯುವುದು ತಿನ್ನಲಿಕ್ಕೆ ಮಾತ್ರ. ಹುಳದ ಜೊತೆಗೆ ಕಾಳಿನ ಜೀವವೂ ಹೋಗಿರುತ್ತದೆ. ಹಗೇವಿನ ಜೋಳವನ್ನು ಈ ಸೀಮೆಯ ಯಾವ ರೈತನೂ ಬಿತ್ತುವುದಿಲ್ಲ.

ನೋಡಲು ಚೆಂದ, ಒಳಗೆ ಸತ್ತದ್ದು. ಹುರಿದ ಕಲೆ ಇಲ್ಲ, ಔಷಧದ ಗುರುತಿಲ್ಲ. ಯಾವ ಲ್ಯಾಬಿಗೆ ಕಳಿಸಿದರೂ ‘ಕಾಯ್ದಿಟ್ಟದ್ದು ಸರಿಯಿಲ್ಲ’ ಎಂದೇ ವರದಿ ಬರುತ್ತದೆ. ಇಷ್ಟು ನಾಜೂಕಾಗಿ ಯೋಚಿಸಿದವನು ಇಲ್ಲಿನ ಮಣ್ಣಿನವನೇ ಆಗಿರಬೇಕು. ದೆಹಲಿಯ ಅಧ್ಯಕ್ಷರಿಗೆ ಹಗೇವು ಎಂಬ ಶಬ್ದವೇ ಗೊತ್ತಿರಲಾರದು. ಶಂಕರೆಪ್ಪನಿಗೆ ಇರುವುದು ಒಂದು ತಗಡಿನ ಕೋಣೆ.

ಗುಲನಾಜ ಫೋನು ತೆಗೆದಳು.

"ಡಾಕ್ಟರ್, ನಿಮ್ಮ ಊರು ಬಸವನ ಬಾಗೇವಾಡಿ ಅಲ್ರಿ? ನಿಮ್ಮ ಮನ್ಯಾಗ ಹಗೇವು ಇತ್ತೇನು?"



"ಹಗೇವು ತುಂಬೋವಷ್ಟ ಜ್ವಾಳ ನಮ್ಮ ಕೇರಿಯಾಗ ಯಾರ ಕಡೆ ಇತ್ರಿ ಮೇಡಂ? ನಮ್ಮಜ್ಜ ಮಂದಿ ಹಗೇವಿಗೆ ಇಳೀತಿದ್ದ. ಒಮ್ಮೆ ಉಸಿರು ಕಟ್ಟಿ ಮ್ಯಾಲೆ ಬರ್ಲೇ ಇಲ್ಲ. ಯಾಕ ಕೇಳಿದ್ರಿ?"

ಗುಲನಾಜಳಿಗೆ ನಾಚಿಕೆಯಾಯಿತು. ಆಮೇಲೆ ಹೇಳುತ್ತೇನೆಂದು ಫೋನಿಟ್ಟಳು.

*

ಸಿಂದಗಿಯಿಂದ ದೇವಣಗಾಂವಕ್ಕೆ ಹೋಗಿ ಬಂದಳು. ಒಂದು ಬೊಗಸೆಯಾದರೂ ಉಳಿದಿದೆಯೇ ಎಂದು ಕೇಳಬೇಕಿತ್ತು. ದವಾಖಾನೆಯಿಂದ ಬಂದ ಮರೆವ್ವ ಕಟ್ಟೆಯ ಮೇಲೆ ಕೂತಿದ್ದಳು. ಒಂದೇ ಅಂಕಣದ ಮನೆ.

"ಒಂದ ಕಾಳೂ ಇಟ್ಕೊಂಡಿಲ್ಲವಾ. ಮನ್ಯಾಗ ಯಾರೂ ಇಲ್ಲ, ಇಲಿ ತಿಂತಾವು ಅಂತ ಎಲ್ಲಾ ಆ ಡಾಕ್ಟರವ್ವನ ಉಡಿಗೆ ಹಾಕೀನಿ. ಹಸ್ತದ ಮಳಿಗೆ ಕೊಡ್ತಾಳ. ಯಾಕ, ಏನರ ಆಗೈತೇನು ಫೌಜದಾರವ್ವ?"

"ಏನಿಲ್ಲಾಯಿ. ಹಿಂಗ ಬಂದಿದ್ದೆ."

ಸುಳ್ಳು ಹೇಳಿದ್ದಕ್ಕೆ ದಾರಿಯುದ್ದಕ್ಕೂ ಅವಳಿಗೆ ಸಮಾಧಾನವಿರಲಿಲ್ಲ. ಅನಿಲಕುಮಾರನ ಮೇಲೆ ಸುಮ್ಮಸುಮ್ಮನೆ ರೇಗಿದಳು.

*

ಪಾಕೀಟು ಮುಟ್ಟಿದವರಲ್ಲಿ ಉಳಿದವರು ಕೊಣ್ಣೂರ ಒಬ್ಬರೇ. ಮರುದಿನ ಮುದ್ದೇಬಿಹಾಳದ ಪೇಟೆ ದಾಟಿ ಅವರ ಊರಿಗೆ ಹೋದಳು. ದೊಡ್ಡ ವಾಡೆ. ಶ್ರೀಶೈಲರ ಚಿಗವ್ವ ವಿಜಯಲಕ್ಷ್ಮಿ ಒಬ್ಬರೇ ಆಳುಕಾಳು ಇಟ್ಟುಕೊಂಡು ಮನೆ ನಡೆಸುತ್ತಿದ್ದರು. ಪೊಲೀಸರು ಬಂದರೆಂದು ಗಾಬರಿಯಾಗಲಿಲ್ಲ. ಬಂದವರು ಹಸಿದು ಬಂದಿದ್ದಾರೆಂಬುದೇ ಅವರ ಚಿಂತೆ.

ಊಟಕ್ಕೆ ಕೂಡಿಸಿದರು. ರೊಟ್ಟಿ ಮುರಿದಾಗ ಗುಲನಾಜಳ ಮೂಗಿಗೆ ಆ ವಾಸನೆ ಬಡಿಯಿತು. ಬಾಗಿಲಾಚೆ ಅಂಗಳದಲ್ಲಿ ಒಂದು ಕಡೆ ಮಣ್ಣು ಹೊಸದಾಗಿ ಮೆತ್ತಿದ್ದು ಕಂಡಿತು.

"ಹಗೇವಿನ ಜ್ವಾಳ ಏನ್ರಿ ಅಮ್ಮಾರ? ವಾಸನಿ ಬರ್ತೈತಿ."

"ಎಂಥ ವಾಸನಿ? ಜ್ವಾಳ ಅಂದ್ರ ಹಿಂಗ ಇರ್ತೈತಲ್ಲವಾ. ಹುಟ್ಟಿದಾಗಿಂದ ಇದನ್ನ ಉಂಡೀವಿ." ವಿಜಯಲಕ್ಷ್ಮಿ ನಕ್ಕರು. "ಈಗ ಯಾರು ಹಗೇವು ಇಡ್ತಾರ. ನಮ್ಮದೊಂದ ಉಳದೈತಿ. ಹೋದ ತಿಂಗಳ ನಮ್ಮ ಶ್ರೀಶೈಲ ಬಂದು ಬಾಯಿ ತಗಸಿದ. ಫಾರಿನ್ ಮಂದಿಗೆ ತೋರಸಬೇಕು ಅಂತ ಒಂದು ಚೀಲ ಒಯ್ದ. ಬಿತ್ತಾಕ ಬರೂದಿಲ್ಲಪಾ ಇದು, ತಿನ್ನಾಕಷ್ಟ ಅಂದೆ. ಗೊತ್ತೈತಿ ಚಿಗವ್ವ ಅಂದ."

ಗುಲನಾಜ ತಟ್ಟೆಯ ರೊಟ್ಟಿ ಉಂಡು ಮುಗಿಸಿದಳು. ಇಷ್ಟು ಅಕ್ಕರೆಯಿಂದ ಉಣಬಡಿಸುವ ಹೆಂಗಸು ತನ್ನ ಮಗನಂಥವನನ್ನು ಹಿಡಿದುಕೊಡುತ್ತಿದ್ದಾಳೆಂದು ಅವಳಿಗೇ ಗೊತ್ತಿರಲಿಲ್ಲ.

ಕಳ್ಳ ಯಾರೆಂದು ತಿಳಿಯಿತು. ಆದರೆ ಯಾಕೆ? ಅಸಲಿ ಬೀಜ ಎಲ್ಲಿ? ಠಾಣೆಗೆ ಬಂದು ಸಂಜೆತನಕ ದೆಹಲಿಗೆ ಫೋನು ಮಾಡಿದಳು. ಹೊರದೇಶಕ್ಕೆ ಹೋಗುವ ಬೀಜವೆಲ್ಲ ರೋಗ ತಪಾಸಣೆಗೆಂದು ಅಲ್ಲೊಂದು ಗೋದಾಮಿನಲ್ಲಿ ನಿಲ್ಲಬೇಕು. ಕಡೆಗೆ ಒಬ್ಬ ಗುಮಾಸ್ತ ಹುಡುಕಿ, ತೂಕ ಸಮೇತ ಹೇಳಿದ. ಹೌದು, ಕೊಣ್ಣೂರ ಅವರ ಹೆಸರಿನ ಜೋಳದ ಪೆಟ್ಟಿಗೆ ಇನ್ನೂ ಇಲ್ಲೇ ಇದೆ. ಇನ್ನೆರಡು ಸಹಿ ಬಿದ್ದರೆ ವಿಮಾನ ಹತ್ತುತ್ತದೆ.

*

ಇಂಡಿಯ ಪ್ರವಾಸಿ ಮಂದಿರದಲ್ಲಿ ಸಭೆ. ಡಾ. ಶ್ರೀಶೈಲ ಕೊಣ್ಣೂರ ಮಾತಾಡುತ್ತಿದ್ದರು. ಗುಲನಾಜ ಹಿಂದಿನ ಸಾಲಿನಲ್ಲಿ ಕೂತಳು.

"ಇದು ಒಬ್ಬ ವಿಜ್ಞಾನಿಯ ತಪ್ಪಲ್ಲ. ಸಣ್ಣ ಊರಿನ ಬೀಜದ ಮನೆಗಳ ಕಾಲ ಮುಗಿದಿದೆ. ಅದೃಷ್ಟಕ್ಕೆ, ಮುಂಗಡ ತಪಾಸಣೆಯ ದಿನ ಆ ಜೋಳದಲ್ಲಿ ಒಂದು ಹಿಡಿ ತೆಗೆದು ಒಕ್ಕೂಟದ ಭಂಡಾರಕ್ಕೆ ಕಳಿಸಿದ್ದೆ. ಆ ತಳಿ ಉಳಿದಿದೆ. ಹೊಸ ನಿಯಮ ಅದನ್ನು ಉಳಿಸಿದೆ."

ಸಭೆ ಚಪ್ಪಾಳೆ ತಟ್ಟಿತು. ಪ್ರಜ್ಞಾ ಮಾತ್ರ ತಲೆ ತಗ್ಗಿಸಿ ಕೂತಿದ್ದಳು.

"ಒಂದು ಮಾತು ಕೇಳ್ಲೇನ್ರಿ ಸರ್?" ಗುಲನಾಜ ಎದ್ದಳು. "ಆ ಹಿಡಿ ಯಾವ ಪಾಕೀಟಿನಿಂದ ತಗದ್ರಿ?"

"ಇವೇ ಪಾಕೀಟು. ಯಾಕ?"

ಮೊಹರಿನ ಪಾಕೀಟುಗಳು ಮೇಜಿಗೆ ಬಂದವು. ತಕ್ಕಡಿಯೂ ಬಂತು. ಪ್ರಜ್ಞಾ ಬರೆದ ತೂಕ ಒಂದರಲ್ಲೂ ತಪ್ಪಲಿಲ್ಲ.

"ಹಿಡಿ ತಗದದ್ದು ಖರೆ. ತೂಕ ಕಡಿಮಿ ಆಗಿಲ್ಲ. ಹಂಗಾದ್ರ ಯಾರೋ ಮತ್ತ ತುಂಬ್ಯಾರ. ಏನು ತುಂಬ್ಯಾರ ನೋಡ್ರಿ." ಹೊರಗೆ ಬಿಸಿಲಿಗಿಟ್ಟಿದ್ದ ತಟ್ಟೆಯನ್ನು ಅನಿಲಕುಮಾರ ತಂದ. "ಇದೂ ಅದ ಕಾಳು, ಸಿಂದಗಿಯಾಗ ಬಿಚ್ಚಿದ ಪಾಕೀಟಿನದು. ಎಲ್ಲಾರೂ ಒಮ್ಮೆ ಮೂಸ್ರಿ."

ಅಧ್ಯಕ್ಷರು ಕರವಸ್ತ್ರ ಮೂಗಿಗೆ ಹಿಡಿದರು. ಪ್ರಜ್ಞಾ ಮುಖ ಕಿವುಚಿದಳು. ಶಂಕರೆಪ್ಪ ದೂರದಿಂದಲೇ "ಹಗೇವಿನ ಜ್ವಾಳ" ಎಂದ. ತಟ್ಟೆ ಕೊಣ್ಣೂರರ ಬಳಿ ಬಂತು. ಅವರು ಮೂಸಿ, ಮತ್ತೊಮ್ಮೆ ಮೂಸಿ, ಭುಜ ಹಾರಿಸಿದರು.

"ಏನೂ ಇಲ್ಲಲ್ಲ. ಜ್ವಾಳದ ವಾಸನಿ."

ಸಭೆಯೆಲ್ಲ ಅವರನ್ನೇ ನೋಡಿತು.

"ಹಗೇವಿನ ಮನಿಯವ್ರಿಗೆ ಅದು ಜ್ವಾಳದ ವಾಸನೀರಿ. ನಿಮ್ಮ ಚಿಗವ್ವಾರೂ ಹಿಂಗ ಅಂದ್ರು. ಹಗೇವಿನ ಕಾಳು ಮೊಳೆಯೂದಿಲ್ಲ ಅನ್ನೂದು ನಿಮ್ಮ ನೆನಪಿನ್ಯಾಗಿತ್ತು. ನಾರತೈತಿ ಅನ್ನೂದು ನಿಮಗ ಗೊತ್ತಿರಲೇ ಇಲ್ಲ. ಶಂಕರೆಪ್ಪನ್ನ ಚಹಾಕ್ಕ ಕಳಿಸಿದವ್ರು ನೀವು. ಅಧ್ಯಕ್ಷರು ಆ ಹೊತ್ತಿಗೆ ಹೊರಗ ಫೋನಿನ್ಯಾಗಿದ್ರು, ಅವರನ್ನ ಕೇಳೀನಿ. ಪಾಕೀಟು ಅಂಟಿಸೂ ಯಂತ್ರ ಅಲ್ಲೇ ಬಾಜೂಕ ಇತ್ತು. ಒಂದು ಹಿಡಿ ಅಂದ್ರಿ. ದೆಹಲಿ ಗೋದಾಮಿನ್ಯಾಗ ನಿಮ್ಮ ಹೆಸರಿನ ಪೆಟ್ಟಿಗಿಯಾಗ ಇರೂದು ಅಷ್ಟೂ ಬೀಜ. ಇನ್ನೂ ವಿಮಾನ ಹತ್ತಿಲ್ಲ."

ಕೊಣ್ಣೂರ ಕುಳಿತುಬಿಟ್ಟರು. ಮಾತಾಡಿದಾಗ ದನಿಯಲ್ಲಿ ಹಟವಿತ್ತು.

"ನಾನು ಕೊಲ್ಲಲಿಲ್ಲ. ಉಳಿಸೀನಿ. ಆ ನಿಯಮ ಬರದ ಕಮಿಟಿಯಾಗ ನಮ್ಮ ದೇಶದ ಪರವಾಗಿ ಕೂತಾಂವ ನಾನು. ಸಣ್ಣ ಮನಿಗಳು ಬೀಜ ಕಾಯಲಾರವು ಅಂತ ಹೇಳಿದಾಂವ ನಾನು. ಮುಂದಿನ ತಿಂಗಳ ನೂರಾರು ಮಂದಿ ಮುಂದ ಅದನ್ನ ಮಂಡಿಸಬೇಕಿತ್ತು. ನಮ್ಮ ಜಿಲ್ಲಾದಾಗಿನ ಮನೀನ ಪಾಸಾದ್ರ ನನ್ನ ಮಾತಿಗೆ ಏನು ಬೆಲಿ? ಇಲ್ಲಿ ಏನೈತಿ ಹೇಳ್ರಿ. ದೆಹಲಿ ರೊಕ್ಕಾ ಕೊಡೂದಿಲ್ಲ, ರಿಟೈರ್ ಆದವ್ರ ಜಾಗಾಕ್ಕ ಮಂದಿ ಬರೂದಿಲ್ಲ. ಅಲ್ಲಿ ನೂರು ವರ್ಷ ಬದುಕ್ತಾವು."

"ಬದುಕ್ತಾವ್ರಿ ಸರ್" ಎಂದಳು ಪ್ರಜ್ಞಾ. ಅವಳು ಅಳುತ್ತಿದ್ದಳು, ದನಿ ಮಾತ್ರ ಗಟ್ಟಿಯಿತ್ತು. "ಬಿತ್ತಾವ್ರು ಯಾರು? ನಾವು ಸೋಲಬೇಕು ಅಂತ ಮೊದಲ ಬರದ್ರಿ. ಆಮೇಲೆ ಸೋಲಿಸಾಕ ಬಂದ್ರಿ."

ಗುಲನಾಜ ಅವರನ್ನು ಜೀಪಿಗೆ ಹತ್ತಿಸಿದಳು.

*

ಕಳ್ಳ ಸಿಕ್ಕ ಮೇಲೂ ಕಿರಿಕಿರಿ ಮುಗಿಯಲಿಲ್ಲ. ಪಾಲಕ ಎಂದು ಮನ್ನಣೆ ಪಡೆದ ಮನೆಗೆ ಮಾತ್ರ ಬೀಜ ಮರಳಿಸಬಹುದು ಎಂದು ಒಕ್ಕೂಟ ಬರೆಯಿತು. ಮನ್ನಣೆ ಬೇಕಾದರೆ ಆ ಬೀಜವನ್ನೇ ಮೊಳೆಸಿ ತೋರಿಸಬೇಕು. ಬೀಜದ ಮನೆಯ ಕಡತ ದೆಹಲಿಯಲ್ಲಿ ಮಲಗಿತು. ಹಸ್ತದ ಮಳೆ ಹತ್ತಿರ ಬರುತ್ತಿತ್ತು.

ಗುಲನಾಜ ಒಕ್ಕೂಟದ ಗೊಡವೆಗೇ ಹೋಗಲಿಲ್ಲ. ಅದು ಸಂಶೋಧನೆಯ ಸಾಮಗ್ರಿಯಲ್ಲ, ಕಳವಿನ ಮಾಲು ಎಂದು ಕೋರ್ಟಿಗೆ ಬರೆದುಕೊಟ್ಟು ದೆಹಲಿಯ ಪೆಟ್ಟಿಗೆಯನ್ನು ಜಪ್ತಿ ಮಾಡಿಸಿ ಇಂಡಿಗೆ ತರಿಸಿದಳು. ಪ್ರಜ್ಞಾ ಅದರಲ್ಲೊಂದು ಚಿಟಿಕೆ ಮೊಳಕೆಗೆ ಹಾಕಿದಳು. ಅಷ್ಟೂ ಮೊಳೆಯಿತು.

ಮಾದರಿಗೆ ಸ್ವಲ್ಪ ಇಟ್ಟುಕೊಂಡು ಉಳಿದದ್ದನ್ನು ಮಾಲಕಿಗೆ ಕೊಡಲು ನ್ಯಾಯಾಧೀಶರು ಒಪ್ಪಿದರು. ಕಟಕಟೆಯ ಮುಂದೆ ಮರೆವ್ವ ಸೆರಗು ಒಡ್ಡಿ ನಿಂತಿದ್ದಳು. ಗುಮಾಸ್ತ ಷರತ್ತು ಓದಿದ: ಮಾಲನ್ನು ಮಾರಬಾರದು, ಹಾಳು ಮಾಡಬಾರದು, ಕೋರ್ಟು ಕೇಳಿದಾಗ ಹಾಜರುಪಡಿಸಬೇಕು. ಮರೆವ್ವ ಹೂಂಗುಟ್ಟಿ ಹೆಬ್ಬೆಟ್ಟು ಒತ್ತಿದಳು.

ದೇವಣಗಾಂವಕ್ಕೆ ಮುದುಕಿಯನ್ನು ಬಿಡಲು ಗುಲನಾಜಳೇ ಹೋದಳು, ಪ್ರಜ್ಞಾಳೂ ಜೊತೆಗಿದ್ದಳು. ಮನೆ ಬಂದರೂ ಮರೆವ್ವ ಇಳಿಯಲಿಲ್ಲ. ಹೊಲಕ್ಕೆ ನಡೆಸಿರಿ ಎಂದಳು. ಅಲ್ಲಿ ಕೂರಿಗೆ ಹೂಡಿ ಎತ್ತು ನಿಲ್ಲಿಸಿದ್ದರು. ನೆಲ ಹದವಾಗಿತ್ತು. ಮರೆವ್ವ ಉಡಿಯಿಂದ ಬೊಗಸೆ ತುಂಬಿಕೊಂಡು ಕೂರಿಗೆಯ ಬಟ್ಟಲಿಗೆ ಕಾಳು ಬಿಡತೊಡಗಿದಳು. ಕೇಸಿನ ಮುಖ್ಯ ಸಾಕ್ಷ್ಯ ಕಣ್ಣೆದುರೇ ಮಣ್ಣಿಗೆ ಇಳಿಯುತ್ತಿತ್ತು.

"ಆಯಿ, ಕೋರ್ಟಿನವ್ರು ಕೇಳಿದ್ರ ತಂದು ತೋರಸಬೇಕು ಅಂದಾರಲ್ಲ?" ಎಂದಳು ಗುಲನಾಜ.

ಮರೆವ್ವ ಕೈ ನಿಲ್ಲಿಸಲಿಲ್ಲ.

"ತೋರಸ್ತೇನಿ ತಗೋ ಫೌಜದಾರವ್ವ. ಸುಗ್ಗಿ ಆದ ಮ್ಯಾಲೆ ಕೇಳಾಕ ಹೇಳು. ಚೀಲ ತಗೊಂಡ ಬರಾಕ ಹೇಳು."